ಮರುಭೂಮಿಯಲ್ಲಿ ಹೂವಿನ ಸುಗ್ಗಿ: ಯಾವಾಗ, ಎಲ್ಲಿ ನೋಡಬೇಕು?

ಮರುಭೂಮಿ ಎಂದೊಡನೆ ಕಣ್ಣಮುಂದೆ ಬರುವುದು ಬಿಸಿಲು, ಮರಳು ಮತ್ತು ಬರಿದಾದ ಬೆಟ್ಟ. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾ ರಾಜ್ಯಗಳ ಮರುಭೂಮಿಗಳು ಕೆಲವು ವರ್ಷಗಳಲ್ಲಿ, ವಸಂತ ಋತುವಿನ ಕೆಲವೇ ವಾರಗಳ ಮಟ್ಟಿಗೆ, ಹಳದಿ, ನೇರಳೆ, ಕೇಸರಿ ಮತ್ತು ಬಿಳಿ ಹೂಗಳ ಹಾಸಿನಿಂದ ಮುಚ್ಚಿಹೋಗುತ್ತವೆ. ಈ ದೃಶ್ಯವನ್ನು ನೋಡಲು ಲಕ್ಷಾಂತರ ಜನ ನೂರಾರು ಮೈಲಿ ಪ್ರಯಾಣ ಮಾಡುತ್ತಾರೆ. ಅವರಲ್ಲಿ ಹಲವರು ಒಂದು ವಾರ ಮೊದಲೇ ಹೋಗಿ ಬರಿಯ ಮೊಳಕೆ ಕಂಡು, ಇಲ್ಲವೇ ಒಂದು ವಾರ ತಡವಾಗಿ ಹೋಗಿ ಒಣಗಿದ ಕಡ್ಡಿ ಕಂಡು ಹಿಂದಿರುಗುತ್ತಾರೆ.

ಕರ್ನಾಟಕದ ಓದುಗರಿಗೆ ಈ ಸಂಗತಿ ತೀರಾ ದೂರದ್ದೇನಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ, ಫೀನಿಕ್ಸ್ ನಗರಗಳಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಹೋಗುವ ತಂದೆತಾಯಿಯರೂ ಅಷ್ಟೇ ಸಂಖ್ಯೆಯಲ್ಲಿದ್ದಾರೆ. ಅಲ್ಲಿನ ಹೂವಿನ ಕಾಲ ಬಹುತೇಕ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ಪ್ರಯಾಣದ ದಿನಾಂಕವನ್ನು ತುಸು ಹಿಂದೆಮುಂದೆ ಮಾಡಿಕೊಂಡರೆ ಜೀವಮಾನದಲ್ಲಿ ಒಮ್ಮೆ ಕಾಣಬಹುದಾದ ನೋಟವೊಂದು ಕೈಗೆಟುಕುವ ಸಾಧ್ಯತೆ ಇದೆ. ಆ ನಿರ್ಧಾರಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಕುರಿಂಜಿಯಂತಲ್ಲ ಈ ಹೂವು

ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ 2022ರಲ್ಲಿ ಕುರಿಂಜಿ ಅರಳಿದಾಗ ಬೆಟ್ಟದ ದಾರಿಗಳಲ್ಲಿ ವಾಹನಗಳ ಸಾಲು ನಿಂತದ್ದು ಅನೇಕರಿಗೆ ನೆನಪಿರಬಹುದು. ನೀಲಕುರಿಂಜಿ ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ಗಿಡ. ಅದರ ಲೆಕ್ಕ ಗಿಡದ ಒಳಗೇ ಇದೆ. ಮುಂದಿನ ಸಲ ಯಾವಾಗ ಎಂಬುದನ್ನು ಸುಮಾರಾಗಿ ಮೊದಲೇ ಹೇಳಬಹುದು.

ಮರುಭೂಮಿಯ ಹೂಗಳಿಗೆ ಅಂತಹ ಪಂಚಾಂಗವಿಲ್ಲ. ಅವು ವರ್ಷಗಳನ್ನು ಎಣಿಸುವುದಿಲ್ಲ, ಮಳೆಯನ್ನು ಎಣಿಸುತ್ತವೆ. ಇಲ್ಲಿನ ಹೂಗಿಡಗಳಲ್ಲಿ ಹೆಚ್ಚಿನವು ಒಂದೇ ಋತು ಬದುಕುವ ವಾರ್ಷಿಕ ಸಸ್ಯಗಳು. ಮಳೆಯಾದಾಗ ಮೊಳೆತು, ಕೆಲವೇ ತಿಂಗಳಲ್ಲಿ ಬೆಳೆದು, ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಉಳಿದ ಕಾಲವೆಲ್ಲ ಅವು ಮರಳಿನೊಳಗೆ ಬೀಜರೂಪದಲ್ಲಿ ಮಲಗಿರುತ್ತವೆ. ಒಳ್ಳೆಯ ಮಳೆ ಬರದಿದ್ದರೆ ಹತ್ತು ವರ್ಷವಾದರೂ ಸರಿ, ಕಾಯುತ್ತವೆ.

ಹಾಗಾದರೆ ಒಂದು ಸಣ್ಣ ತುಂತುರು ಮಳೆಗೆ ಈ ಬೀಜಗಳು ಮೋಸಹೋಗುವುದಿಲ್ಲವೇ? ಇಲ್ಲ. ಅನೇಕ ಬೀಜಗಳ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿರುತ್ತವೆ. ಅವು ತೊಳೆದುಹೋಗುವಷ್ಟು ಮಳೆ ಸುರಿದ ನಂತರವಷ್ಟೇ ಬೀಜ ಕಣ್ಣುಬಿಡುತ್ತದೆ. ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಡಚ್ ಮೂಲದ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1940 ಮತ್ತು 50ರ ದಶಕಗಳಲ್ಲಿ ಈ ವಿಷಯವನ್ನು ಪ್ರಯೋಗದಿಂದ ತೋರಿಸಿದರು. ಮರುಭೂಮಿಯ ಮಣ್ಣಿಗೆ ಮೇಲಿನಿಂದ ಮಳೆಯಂತೆ ನೀರು ಸುರಿಸಿದಾಗ ಬೀಜಗಳು ಮೊಳೆತವು. ಅದೇ ಮಣ್ಣನ್ನು ಕೆಳಗಿನಿಂದ ನೀರು ಹೀರುವಂತೆ ಒದ್ದೆ ಮಾಡಿದಾಗ ಮೊಳೆಯಲಿಲ್ಲ. ಬೀಜಕ್ಕೆ ಬೇಕಾದದ್ದು ಕೇವಲ ತೇವವಲ್ಲ, ತೊಳೆಯುವ ಮಳೆ.

ಇಷ್ಟಾದರೂ ಎಲ್ಲ ಬೀಜಗಳೂ ಒಂದೇ ವರ್ಷ ಮೊಳೆಯುವುದಿಲ್ಲ. ಒಂದು ಪಾಲು ಮಣ್ಣಿನಲ್ಲೇ ಉಳಿಯುತ್ತದೆ. ಮೊಳೆತ ಮೇಲೆ ಮಳೆ ಕೈಕೊಟ್ಟು ಇಡೀ ಪೀಳಿಗೆ ಸುಟ್ಟುಹೋದರೂ ವಂಶ ಅಳಿಯದಿರಲಿ ಎಂಬುದು ಇದರ ಫಲ. ಡಾನ್ ಕೋಹೆನ್ 1966ರಲ್ಲಿ ಈ ತತ್ತ್ವವನ್ನು ಗಣಿತದ ಮೂಲಕ ವಿವರಿಸಿದರು. ಅರಿಜೋನಾ ವಿಶ್ವವಿದ್ಯಾಲಯದ ಲಾರೆನ್ಸ್ ವೆನಬಲ್ ಅವರು ಟೂಸಾನ್ ನಗರದ ಬಳಿ ದಶಕಗಳ ಕಾಲ ವಾರ್ಷಿಕ ಸಸ್ಯಗಳನ್ನು ಎಣಿಸಿ, ನಿಸರ್ಗದಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದನ್ನು ಅಧ್ಯಯನ ಮಾಡಿದ್ದಾರೆ. ಬಿತ್ತನೆ ಬೀಜವನ್ನೆಲ್ಲ ಒಂದೇ ಹದಮಳೆಗೆ ಹೊಲಕ್ಕೆ ಚೆಲ್ಲದೆ, ಒಂದು ಪಾಲನ್ನು ಕಣಜದಲ್ಲಿಡುವ ಬಯಲುಸೀಮೆಯ ರೈತನ ಜಾಣ್ಮೆಯೂ ಇದೇ.

ಒಳ್ಳೆಯ ವರ್ಷವನ್ನು ಗುರುತಿಸುವುದು ಹೇಗೆ?

ಹೂವಿನ ವರ್ಷ ಕೂಡಿಬರಲು ನಾಲ್ಕು ಸಂಗತಿಗಳು ಒಟ್ಟಾಗಬೇಕು.

ಮೊದಲನೆಯದು, ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ನೆಲ ನೆನೆಯುವಂತಹ ಒಂದು ಮಳೆ. ಸುಮಾರು ಅರ್ಧದಿಂದ ಒಂದು ಅಂಗುಲದಷ್ಟಾದರೂ ಅದು ಸುರಿಯಬೇಕು. ಎರಡನೆಯದು, ಅನಂತರ ಚಳಿಗಾಲದುದ್ದಕ್ಕೂ ಆಗಾಗ್ಗೆ ಬೀಳುವ ಸಾಧಾರಣ ಮಳೆ. ಒಂದೇ ಬಾರಿಗೆ ಸುರಿದು ಕೊಚ್ಚಿಹೋಗುವ ಮಳೆಯಿಂದ ಪ್ರಯೋಜನ ಕಡಿಮೆ. ಮೂರನೆಯದು, ಹದವಾದ ಬಿಸಿಲು. ಮೊಳಕೆ ಚಳಿಗೆ ಮುದುಡಲೂಬಾರದು, ಬೇಗನೆ ಬಿಸಿಲೇರಿ ಬಾಡಲೂಬಾರದು. ನಾಲ್ಕನೆಯದು, ಒಣಗಾಳಿ ಇಲ್ಲದಿರುವುದು. ಎಲ್ಲವೂ ಸರಿಯಾಗಿದ್ದು ಮಾರ್ಚ್ ತಿಂಗಳಲ್ಲಿ ನಾಲ್ಕು ದಿನ ಬಿರುಗಾಳಿ ಬೀಸಿದರೆ ಅಲ್ಲಿಗೆ ಆ ವರ್ಷದ ಹೂವಿನ ಆಟ ಮುಗಿಯಿತು.

ಮಳೆಯ ಪ್ರಮಾಣಕ್ಕಿಂತ ಅದರ ಸಮಯ ಮುಖ್ಯ ಎಂಬುದಕ್ಕೆ ಡೆತ್ ವ್ಯಾಲಿಯೇ ನಿದರ್ಶನ. ಅಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು ಎರಡು ಅಂಗುಲ, ಅಂದರೆ ಐದು ಸೆಂಟಿಮೀಟರ್. ನಮ್ಮ ಆಗುಂಬೆಯಲ್ಲಿ ಮುಂಗಾರಿನ ಒಂದೇ ದಿನ ಇದಕ್ಕಿಂತ ಹೆಚ್ಚು ಸುರಿಯುವುದುಂಟು. 2015ರ ಅಕ್ಟೋಬರ್‌ನಲ್ಲಿ ಬಂದ ಬಿರುಮಳೆ ಕಣಿವೆಯ ಉತ್ತರ ಭಾಗದಲ್ಲಿ ಪ್ರವಾಹ ತಂದು ಸ್ಕಾಟಿಸ್ ಕ್ಯಾಸಲ್ ಎಂಬ ಐತಿಹಾಸಿಕ ಬಂಗಲೆಗೆ ಭಾರೀ ಹಾನಿ ಮಾಡಿತು. ಅದೇ ಮಳೆಯಿಂದ 2016ರ ಫೆಬ್ರವರಿ, ಮಾರ್ಚ್‌ನಲ್ಲಿ ಕಣಿವೆ ಹೂವಿನಿಂದ ತುಂಬಿತು. ಆದರೆ 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಅವಶೇಷದಿಂದ ಒಂದೇ ದಿನ 2.2 ಅಂಗುಲ ಮಳೆ ಸುರಿದು, ಸುಮಾರು ಎರಡು ತಿಂಗಳು ಉದ್ಯಾನವನ್ನೇ ಮುಚ್ಚಬೇಕಾಗಿ ಬಂದರೂ 2024ರ ವಸಂತದಲ್ಲಿ 2016ರ ಮಟ್ಟದ ಹೂವು ಕಾಣಲಿಲ್ಲ. ಮಳೆ ದಾಖಲೆಯದೇ, ಬಂದದ್ದು ಮಾತ್ರ ಸುಡುಬೇಸಿಗೆಯಲ್ಲಿ.

ಇಂತಹ ಅಪರೂಪದ ವರ್ಷಗಳಿಗೆ ಈಚೆಗೆ ‘ಸೂಪರ್ ಬ್ಲೂಮ್’ ಎಂಬ ಹೆಸರು ಬಳಕೆಗೆ ಬಂದಿದೆ. ಇದು ವಿಜ್ಞಾನದ ಪಾರಿಭಾಷಿಕ ಪದವಲ್ಲ. ಇಷ್ಟು ಹೂವಿದ್ದರೆ ಇದು ಎಂಬ ಅಳತೆಯೂ ಇಲ್ಲ. ಡೆತ್ ವ್ಯಾಲಿಯಲ್ಲಿ 1998, 2005 ಮತ್ತು 2016ರ ವಸಂತಗಳು, ಆಂಜಾ–ಬೊರೆಗೊದಲ್ಲಿ 2005, 2017 ಮತ್ತು 2019ರ ವಸಂತಗಳು ಈ ಹೆಸರಿಗೆ ಪಾತ್ರವಾಗಿವೆ. ಒಂದು ಕಡೆ ಸುಗ್ಗಿ ಇದ್ದ ವರ್ಷ ಇನ್ನೊಂದು ಕಡೆ ಸಾಧಾರಣವಾಗಿರಬಹುದು ಎಂಬುದನ್ನು ಈ ಪಟ್ಟಿಯೇ ಹೇಳುತ್ತದೆ. ಎಲ್ ನಿನೊ ಬಂದರೆ ಹೂವು ಖಚಿತ ಎಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ಅದು ಮಳೆಯ ಸಾಧ್ಯತೆಯನ್ನು ಹೆಚ್ಚಿಸುತ್ತದೆಯೇ ಹೊರತು ಭರವಸೆ ನೀಡುವುದಿಲ್ಲ.

ಆಂಜಾ–ಬೊರೆಗೊ: ಮೊದಲು ಅರಳುವ ತಾಣ

ಕ್ಯಾಲಿಫೋರ್ನಿಯಾದ ಅತಿ ದೊಡ್ಡ ರಾಜ್ಯ ಉದ್ಯಾನವಾದ ಆಂಜಾ–ಬೊರೆಗೊ ಮರುಭೂಮಿ ಉದ್ಯಾನದ ವಿಸ್ತಾರ ಆರು ಲಕ್ಷ ಎಕರೆಗೂ ಅಧಿಕ. 1774ರಲ್ಲಿ ಈ ದಾರಿಯಾಗಿ ಸಾಗಿದ ಸ್ಪೇನ್‌ನ ಹುವಾನ್ ಬಟಿಸ್ಟಾ ಡಿ ಆಂಜಾ ಹಾಗೂ ಇಲ್ಲಿನ ಬೆಟ್ಟಗಳಲ್ಲಿ ಬದುಕುವ ಕಾಡುಕುರಿ ಎರಡರ ಹೆಸರೂ ಸೇರಿ ಉದ್ಯಾನದ ಹೆಸರಾಗಿದೆ. ಸ್ಯಾನ್ ಡಿಯಾಗೊದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ, ಲಾಸ್ ಏಂಜಲೀಸ್‌ನಿಂದ ಸುಮಾರು ಮೂರು ಗಂಟೆಯ ದಾರಿ.

ಇಲ್ಲಿನ ನೆಲ ತಗ್ಗಿನಲ್ಲಿದ್ದು ಬೇಗ ಬೆಚ್ಚಗಾಗುವುದರಿಂದ ಹೂವೂ ಬೇಗ ಅರಳುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಅವಧಿ ಸಾಮಾನ್ಯವಾಗಿ ಉತ್ತಮ. ಬೊರೆಗೊ ಸ್ಪ್ರಿಂಗ್ಸ್ ಊರಿನ ಈಶಾನ್ಯಕ್ಕಿರುವ ಹೆಂಡರ್ಸನ್ ಕ್ಯಾನ್ಯನ್ ರಸ್ತೆಯ ಬದಿ ಹಾಗೂ ಡಿ ಜಾರ್ಜಿಯೊ ರಸ್ತೆಯ ಕೊನೆಯಲ್ಲಿ ಆರಂಭವಾಗುವ ಕಯೋಟಿ ಕ್ಯಾನ್ಯನ್ ಪ್ರಸಿದ್ಧ ತಾಣಗಳು. ನೆಲಕ್ಕೆ ಹರಡುವ ನಸುನೇರಳೆ ಸ್ಯಾಂಡ್ ವರ್ಬೀನಾ, ಬಟ್ಟಲಿನಂತಹ ಬಿಳಿ ಹೂವಿನ ಡ್ಯೂನ್ ಈವ್ನಿಂಗ್ ಪ್ರಿಮ್‌ರೋಸ್ ಮತ್ತು ಹಳದಿಯ ಡೆಸರ್ಟ್ ಸನ್‌ಫ್ಲವರ್ ಒಟ್ಟಿಗೆ ಅರಳಿದಾಗ ಮೂಡುವ ಬಣ್ಣದ ಬಯಲೇ ಆಂಜಾ–ಬೊರೆಗೊದ ಗುರುತು. ಆಳದ ಗೆಡ್ಡೆಯಿಂದ ಏಳುವ ಡೆಸರ್ಟ್ ಲಿಲಿಯನ್ನೂ ಮರಳಿನಲ್ಲಿ ಹುಡುಕಬಹುದು.

ಹೂವಿನ ಹಿಂದೆಯೇ ಕಂಬಳಿಹುಳುಗಳ ದಂಡು ಬರುತ್ತದೆ. ಸ್ಫಿಂಕ್ಸ್ ಪತಂಗದ ಈ ಮರಿಗಳು ಒಳ್ಳೆಯ ವರ್ಷಗಳಲ್ಲಿ ಅಪಾರ ಸಂಖ್ಯೆಯಲ್ಲಿ ಹುಟ್ಟಿ ಗಿಡಗಳನ್ನು ಬುಡದವರೆಗೆ ತಿಂದುಬಿಡುತ್ತವೆ. ದಕ್ಷಿಣ ಅಮೆರಿಕದಿಂದ ಉತ್ತರಕ್ಕೆ ವಲಸೆ ಹೊರಟ ಸ್ವೇನ್ಸನ್ ಗಿಡುಗಗಳು ಇದೇ ಕಣಿವೆಯಲ್ಲಿ ಇಳಿದು ಈ ಹುಳುಗಳನ್ನು ತಿನ್ನುತ್ತವೆ. ಪತಂಗವಾಗಿ ಉಳಿದವು ಇಳಿಹೊತ್ತಿನಲ್ಲಿ ಅರಳುವ ಪ್ರಿಮ್‌ರೋಸ್ ಹೂವಿಗೆ ಪರಾಗ ಒಯ್ಯುತ್ತವೆ. ತಿಂದದ್ದೂ ಅದೇ ಜಾತಿ, ಸಲಹುವುದೂ ಅದೇ ಜಾತಿ. ಬೊರೆಗೊ ಸ್ಪ್ರಿಂಗ್ಸ್ ರಾತ್ರಿಯ ಕತ್ತಲೆಯನ್ನು ಕಾಪಾಡಿಕೊಂಡ ಊರೆಂದು 2009ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದಿರುವುದರಿಂದ, ಒಂದು ರಾತ್ರಿ ತಂಗುವವರಿಗೆ ನಕ್ಷತ್ರದರ್ಶನವೂ ಲಭ್ಯ.

ಡೆತ್ ವ್ಯಾಲಿ: ಮೆಟ್ಟಿಲು ಮೆಟ್ಟಿಲಾಗಿ ಏರುವ ಋತು

ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿರುವ ಬ್ಯಾಡ್‌ವಾಟರ್ ತಗ್ಗು ಮತ್ತು 11,049 ಅಡಿ ಎತ್ತರದ ಟೆಲಿಸ್ಕೋಪ್ ಶಿಖರ ಎರಡೂ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲೇ ಇವೆ. 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾದ ಫರ್ನೇಸ್ ಕ್ರೀಕ್ ಕೂಡ ಇಲ್ಲಿಯದೇ. ಲಾಸ್ ವೇಗಸ್‌ನಿಂದ ಸುಮಾರು ಎರಡು ಗಂಟೆಯ ಪ್ರಯಾಣ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಿಂದ ಇಡೀ ದಿನವೇ ಬೇಕು.

ಈ ಎತ್ತರದ ವ್ಯತ್ಯಾಸ ಪ್ರವಾಸಿಗನಿಗೆ ವರದಾನ. ತಗ್ಗಿನ ಬಯಲು ಮತ್ತು ಬೆಟ್ಟದ ಬುಡದ ಇಳಿಜಾರುಗಳಲ್ಲಿ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಹೂವಿರುತ್ತದೆ. 3,000ದಿಂದ 5,000 ಅಡಿ ಎತ್ತರದಲ್ಲಿ ಏಪ್ರಿಲ್ ಆರಂಭದಿಂದ ಮೇ ಆರಂಭದವರೆಗೆ, ಅದಕ್ಕೂ ಮೇಲಿನ ಪನಾಮಿಂಟ್ ಬೆಟ್ಟಗಳಲ್ಲಿ ಮೇ ತಿಂಗಳಿಂದ ಜುಲೈವರೆಗೆ ಸಾಗುತ್ತದೆ. ತಗ್ಗಿನಲ್ಲಿ ಹೂವು ಮುಗಿದಿದೆ ಎಂದು ತಿಳಿದವರು ನಿರಾಶರಾಗದೆ ಮೇಲಕ್ಕೆ ಹತ್ತಬೇಕು.

ಬ್ಯಾಡ್‌ವಾಟರ್ ರಸ್ತೆಯ ದಕ್ಷಿಣ ಭಾಗ, ಆಶ್‌ಫರ್ಡ್ ಮಿಲ್ ಮತ್ತು ಜುಬಿಲಿ ಪಾಸ್ ಒಳ್ಳೆಯ ವರ್ಷಗಳಲ್ಲಿ ಹೆಸರಾದ ಜಾಗಗಳು. ಇಲ್ಲಿ ಹೊಲದಂತೆ ಹರಡುವ ಹಳದಿ ಹೂವನ್ನು ಡೆಸರ್ಟ್ ಗೋಲ್ಡ್ ಎನ್ನುತ್ತಾರೆ. ಆಂಜಾ–ಬೊರೆಗೊದಲ್ಲಿ ಡೆಸರ್ಟ್ ಸನ್‌ಫ್ಲವರ್ ಎನಿಸಿಕೊಳ್ಳುವುದೂ ಇದೇ ಗಿಡ. ತೆಳುಗುಲಾಬಿ ಬಟ್ಟಲಿನೊಳಗೆ ಐದು ಕೆಂಪು ಚುಕ್ಕೆ ಹೊತ್ತ ಡೆಸರ್ಟ್ ಫೈವ್‌ಸ್ಪಾಟ್, ತೊಟ್ಟು ಕಾಣದಷ್ಟು ಸಪುರವಾಗಿದ್ದು ಬಿಳಿ ಹೂವು ಗಾಳಿಯಲ್ಲಿ ತೇಲುವಂತೆ ತೋರುವ ಗ್ರಾವೆಲ್ ಘೋಸ್ಟ್ ಇಲ್ಲಿನ ವಿಶೇಷಗಳು. ನೇರಳೆ ಬಣ್ಣದ ಫೇಸೀಲಿಯ ಹೂವನ್ನು ಮಾತ್ರ ಮುಟ್ಟಬಾರದು. ಅದರ ಸೂಕ್ಷ್ಮ ರೋಮಗಳು ಕೆಲವರ ಚರ್ಮಕ್ಕೆ ತುರಿಕೆ, ಬೊಕ್ಕೆ ತರುತ್ತವೆ.

ಆಂಟಲೋಪ್ ವ್ಯಾಲಿ: ಕೇಸರಿ ಬೆಟ್ಟಗಳು

ಮೊಹಾವಿ ಮರುಭೂಮಿಯ ಪಶ್ಚಿಮ ಅಂಚಿನಲ್ಲಿ, ಲ್ಯಾಂಕಾಸ್ಟರ್ ಪಟ್ಟಣದ ಪಶ್ಚಿಮಕ್ಕೆ, ಕ್ಯಾಲಿಫೋರ್ನಿಯಾ ಪಾಪಿ ಹೂವಿಗೆಂದೇ ಮೀಸಲಾದ ರಾಜ್ಯ ರಕ್ಷಿತಾರಣ್ಯವಿದೆ. ಲಾಸ್ ಏಂಜಲೀಸ್‌ನಿಂದ ಒಂದೂವರೆ ಗಂಟೆಯ ದಾರಿ. ಈ ಹೂವು ನಮ್ಮ ಗಸಗಸೆಯ ದಾಯಾದಿ, ಒಂದೇ ಸಸ್ಯಕುಟುಂಬದ್ದು. 1903ರಿಂದ ಕ್ಯಾಲಿಫೋರ್ನಿಯಾದ ರಾಜ್ಯಪುಷ್ಪ.

ಫೆಬ್ರವರಿ ಮಧ್ಯದಿಂದ ಮೇವರೆಗೆ ಇಲ್ಲಿ ಹೂವು ಕಾಣಬಹುದಾದರೂ, ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗಿನ ಅವಧಿ ಶ್ರೇಷ್ಠ. ದಿನದ ವೇಳೆಯೂ ಮುಖ್ಯ. ರಾತ್ರಿ, ಮೋಡ, ಚಳಿ, ಗಾಳಿ ಇವುಗಳಲ್ಲಿ ಯಾವುದಿದ್ದರೂ ಪಾಪಿ ತನ್ನ ನಾಲ್ಕು ದಳಗಳನ್ನು ಸುತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಬೆಳಗಾಗುತ್ತಲೇ ತಲುಪಿದವರಿಗೆ ಹಸಿರು ಬೆಟ್ಟ ಮಾತ್ರ ಕಂಡೀತು. ಹತ್ತು ಗಂಟೆಯ ನಂತರದ ಬಿಸಿಲಿನಲ್ಲಿ, ಗಾಳಿ ಜೋರಾಗುವ ಮುನ್ನ ನೋಡುವುದು ಉತ್ತಮ. ಇಲ್ಲಿನ ಹೂಗಳಿಗೆ ಯಾರೂ ನೀರು ಹಾಕುವುದಿಲ್ಲ. ಆದ್ದರಿಂದ ಬರಗಾಲದ ವರ್ಷ ಬೆಟ್ಟಗಳು ಕಂದಾಗಿಯೇ ಉಳಿಯುವುದುಂಟು.

ಇತರ ತಾಣಗಳು

ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಎರಡು ಮರುಭೂಮಿಗಳು ಕೂಡುತ್ತವೆ. ದಕ್ಷಿಣದ ಕಾಟನ್‌ವುಡ್ ದ್ವಾರ ಮತ್ತು ಪಿಂಟೊ ಬಯಲಿನಲ್ಲಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ, ಎತ್ತರದ ಭಾಗದಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಹೂವು ಬರುತ್ತದೆ. ಉದ್ಯಾನಕ್ಕೆ ಹೆಸರು ಕೊಟ್ಟ ಜೋಶುವಾ ಮರದ ಕೆನೆಬಣ್ಣದ ಗೊಂಚಲಿಗೆ ಪರಾಗಸ್ಪರ್ಶ ಮಾಡುವುದು ಯಕ್ಕಾ ಪತಂಗ. ಪತಂಗ ತನ್ನ ಮೊಟ್ಟೆಯನ್ನು ಆ ಹೂವಿನಲ್ಲೇ ಇಡುತ್ತದೆ, ಮರಿಗಳು ಬೀಜದ ಒಂದು ಪಾಲನ್ನು ತಿಂದು ಬೆಳೆಯುತ್ತವೆ. ಒಂದಿಲ್ಲದೆ ಇನ್ನೊಂದಿಲ್ಲ.

ಕ್ಯಾರಿಜೊ ಬಯಲು ರಾಷ್ಟ್ರೀಯ ಸ್ಮಾರಕ ಶುದ್ಧ ಮರುಭೂಮಿಯಲ್ಲ, ಅರೆ ಒಣಪ್ರದೇಶದ ಹುಲ್ಲುಗಾವಲು. ಆದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡಿಗರಿಗೆ ಹತ್ತಿರದ್ದು ಇದೇ. 2017, 2019 ಮತ್ತು 2023ರಲ್ಲಿ ಇಲ್ಲಿನ ಬೆಟ್ಟಗಳು ಹಳದಿ, ನೇರಳೆ ಬಣ್ಣ ಬಳಿದಂತೆ ಕಂಡವು. ಮಾರ್ಚ್ ಕೊನೆ ಮತ್ತು ಏಪ್ರಿಲ್ ಸೂಕ್ತ ಕಾಲ. ಒಳಗೆ ಪೆಟ್ರೋಲ್ ಬಂಕ್ ಇಲ್ಲ, ಮಳೆಯಾದರೆ ಮಣ್ಣುರಸ್ತೆಗಳು ಕೆಸರಾಗಿ ಕಾರು ಹೂತುಹೋಗುತ್ತದೆ.

ಅರಿಜೋನಾದಲ್ಲಿ ಫೀನಿಕ್ಸ್ ಮತ್ತು ಟೂಸಾನ್ ನಡುವೆ ಹೆದ್ದಾರಿಯ ಪಕ್ಕದಲ್ಲೇ ಇರುವ ಪಿಕಾಚೊ ಪೀಕ್ ರಾಜ್ಯ ಉದ್ಯಾನ ಚಿನ್ನದ ಬಣ್ಣದ ಮೆಕ್ಸಿಕನ್ ಪಾಪಿಗೆ ಹೆಸರಾಗಿದೆ. ಫೆಬ್ರವರಿ ಕೊನೆ ಮತ್ತು ಮಾರ್ಚ್ ಇಲ್ಲಿನ ಕಾಲ. ಈ ಸೊನೊರಾ ಮರುಭೂಮಿಗೆ ಚಳಿಗಾಲದಂತೆ ಬೇಸಿಗೆಯಲ್ಲೂ ಮಳೆಯಾಗುವುದರಿಂದ ಸಸ್ಯಸಂಪತ್ತು ಹೆಚ್ಚು. ಮೇ, ಜೂನ್ ತಿಂಗಳಲ್ಲಿ ಆಳೆತ್ತರವನ್ನೂ ಮೀರಿ ಕಂಬದಂತೆ ನಿಂತ ಸಗ್ವಾರೊ ಕಳ್ಳಿಯ ತುದಿಯಲ್ಲಿ ಬಿಳಿಯ ಹೂವು ಅರಳುತ್ತದೆ. ರಾತ್ರಿ ಬಿರಿದ ಹೂವು ಮರುದಿನ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಬಾವಲಿ, ಪಾರಿವಾಳ, ಜೇನ್ನೊಣಗಳು ಬಂದುಹೋಗಬೇಕು. ಅದರ ಹಣ್ಣಿನ ಕೊಯ್ಲಿನೊಡನೆ ಸ್ಥಳೀಯ ತೊಹೊನೊ ಊದಂ ಜನರ ಹೊಸ ವರ್ಷ ಆರಂಭವಾಗುತ್ತದೆ. ಹಣ್ಣಿನಿಂದ ಮಾಡಿದ ಮದ್ಯ ಕುಡಿದು ಅವರು ಮಳೆಯನ್ನು ಕರೆಯುತ್ತಾರೆ.

ಹೂವಿಲ್ಲದ ವರ್ಷ ಹೋದರೆ?

ವಿಮಾನದ ಟಿಕೇಟು ಕೊಂಡಾಗಿದೆ, ಮಳೆ ಮಾತ್ರ ಬಂದಿಲ್ಲ ಎಂಬ ಸ್ಥಿತಿ ಅನೇಕರದು. ಅಂಥವರಿಗೂ ದಾರಿ ಇದೆ. ವಾರ್ಷಿಕ ಸಸ್ಯಗಳು ಮಳೆಯನ್ನೇ ನಂಬಿದ್ದರೆ, ಪೊದೆಗಳು ಮತ್ತು ಕಳ್ಳಿಗಳು ತಮ್ಮ ಬೇರು, ಕಾಂಡಗಳಲ್ಲಿ ಕೂಡಿಟ್ಟದ್ದರ ಮೇಲೆ ಬದುಕುತ್ತವೆ. ಆದುದರಿಂದ ಒಣ ವರ್ಷಗಳಲ್ಲೂ ಅವು ಪೂರ್ಣ ನಿರಾಶೆಗೊಳಿಸುವುದಿಲ್ಲ. ಮುಳ್ಳಿನ ಬೆತ್ತಗಳ ಕಟ್ಟಿನಂತೆ ನಿಂತ ಒಕೊಟಿಯೊ ಗಿಡದ ತುದಿಯಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಕೆಂಪು ಹೂವಿನ ಜ್ವಾಲೆ ಏಳುತ್ತದೆ, ಹಮ್ಮಿಂಗ್ ಹಕ್ಕಿಗಳು ಅದನ್ನು ಮುತ್ತುತ್ತವೆ. ಬೀವರ್‌ಟೇಲ್ ಕಳ್ಳಿ ಢಾಳಾದ ಗುಲಾಬಿ ಹೂವು ಬಿಡುತ್ತದೆ. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಪಾಪಾಸುಕಳ್ಳಿ ಇದರ ಬಳಗದ್ದೇ, ಅಮೆರಿಕ ಖಂಡದಿಂದಲೇ ಬಂದದ್ದು. ಏಪ್ರಿಲ್‌ನಲ್ಲಿ ಕಳ್ಳಿಗಳನ್ನು ನೋಡಲೆಂದೇ ಹೋಗುವವರು ಬರಿಗೈಯಲ್ಲಿ ಮರಳುವುದು ಅಪರೂಪ.

ಮಾಹಿತಿ ದೊರೆಯುವುದು ಎಲ್ಲಿ?

ಹೂವಿನ ಸ್ಥಿತಿ ವಾರದಿಂದ ವಾರಕ್ಕೆ ಬದಲಾಗುತ್ತದೆ. ಹಿಂದೆ ಆಂಜಾ–ಬೊರೆಗೊಗೆ ಸ್ವವಿಳಾಸದ ಅಂಚೆ ಕಾರ್ಡೊಂದನ್ನು ಕಳುಹಿಸಿದರೆ, ಹೂವು ಉತ್ತುಂಗಕ್ಕೆ ಬರುವ ಮುನ್ನ ಉದ್ಯಾನದವರೇ ಅದನ್ನು ಅಂಚೆಗೆ ಹಾಕಿ ತಿಳಿಸುತ್ತಿದ್ದರು. ಇಂದು ಉದ್ಯಾನಗಳ ಅಂತರಜಾಲ ತಾಣಗಳಲ್ಲೇ ಋತುವಿನ ವರದಿ ಸಿಗುತ್ತದೆ. ಲಾಸ್ ಏಂಜಲೀಸ್‌ನ ಥಿಯೊಡೋರ್ ಪೇನ್ ಪ್ರತಿಷ್ಠಾನ 1983ರಲ್ಲಿ ಆರಂಭಿಸಿದ ಕಾಡುಹೂವಿನ ದೂರವಾಣಿ ಸೇವೆ ಮಾರ್ಚ್‌ನಿಂದ ಮೇವರೆಗೆ ವಾರಕ್ಕೊಮ್ಮೆ ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಥಿತಿಗತಿ ತಿಳಿಸುವ ಪದ್ಧತಿ ಇಟ್ಟುಕೊಂಡಿದೆ. ಸಾಮಾಜಿಕ ಜಾಲತಾಣದ ಚಿತ್ರಗಳನ್ನು ನಂಬಿ ಹೊರಡುವ ಮುನ್ನ ಅವುಗಳ ದಿನಾಂಕ ನೋಡಬೇಕು. ಹಳೆಯ ವರ್ಷದ ಚಿತ್ರ ಹೊಸದೆಂಬಂತೆ ಓಡಾಡುವುದು ಸಾಮಾನ್ಯ.

ಜನರ ಕಾಲ್ತುಳಿತ

ಹೂವಿನ ಸುಗ್ಗಿಗೆ ಈಗಿರುವ ದೊಡ್ಡ ಅಪಾಯಗಳಲ್ಲಿ ಅದರ ಪ್ರಸಿದ್ಧಿಯೂ ಒಂದು. 2017ರ ಮಾರ್ಚ್‌ನಲ್ಲಿ ಕೆಲವೇ ಸಾವಿರ ಜನವಸತಿಯ ಬೊರೆಗೊ ಸ್ಪ್ರಿಂಗ್ಸ್‌ಗೆ ಜನ ಎಷ್ಟು ನುಗ್ಗಿದರೆಂದರೆ ಹೋಟೆಲುಗಳಲ್ಲಿ ಊಟ ಮುಗಿಯಿತು, ರಸ್ತೆಗಳಲ್ಲಿ ಗಂಟೆಗಟ್ಟಲೆ ವಾಹನ ನಿಂತವು. 2019ರ ಮಾರ್ಚ್‌ನಲ್ಲಿ ಲೇಕ್ ಎಲ್ಸಿನೋರ್ ನಗರದ ವಾಕರ್ ಕ್ಯಾನ್ಯನ್‌ನ ಪಾಪಿ ಬೆಟ್ಟಗಳಿಗೆ ಹತ್ತಾರು ಸಾವಿರ ಜನ ಒಂದೇ ವಾರಾಂತ್ಯದಲ್ಲಿ ಬಂದಾಗ ನಗರಾಡಳಿತ ತಾತ್ಕಾಲಿಕವಾಗಿ ಪ್ರವೇಶ ನಿಲ್ಲಿಸಬೇಕಾಯಿತು. 2023ರಲ್ಲಿ ಹೂವು ಮತ್ತೆ ಬರುವ ಸೂಚನೆ ಕಂಡಾಗ ಆಡಳಿತ ಮೊದಲೇ ಆ ಕ್ಯಾನ್ಯನ್ ಅನ್ನು ಮುಚ್ಚಿಬಿಟ್ಟಿತು. ಅದು ಪಾಪಿ ಅರಳಿದ ವರ್ಷವೇ, ಆದರೆ ಯಾರಿಗೂ ಹತ್ತಿರದಿಂದ ನೋಡುವ ಅವಕಾಶವಿರಲಿಲ್ಲ.

ಭಾವಚಿತ್ರಕ್ಕೆಂದು ಒಬ್ಬರು ಹೂವಿನ ನಡುವೆ ಕೂತೆದ್ದರೆ ಏನು ನಷ್ಟ ಎಂದು ಅನ್ನಿಸಬಹುದು. ತುಳಿದ ಗಿಡ ಬೀಜ ಕಟ್ಟುವುದಿಲ್ಲ. ಒಬ್ಬರು ತುಳಿದ ಜಾಗ ಹಿಂದೆ ಬರುವವರಿಗೆ ದಾರಿಯಾಗುತ್ತದೆ, ದಾರಿಯ ಮಣ್ಣು ಗಟ್ಟಿಯಾಗುತ್ತದೆ, ಅಲ್ಲಿ ಮುಂದಿನ ಮಳೆಗೂ ಏನೂ ಮೊಳೆಯದು. ಹತ್ತು ವರ್ಷ ಕಾದ ಬೀಜ ಮುಂದಿನ ಹತ್ತು ವರ್ಷಕ್ಕೆ ಬೀಜ ಬಿಟ್ಟುಹೋಗಲು ಸಿಗುವ ಒಂದೇ ಅವಕಾಶ ಆ ಕೆಲವು ವಾರಗಳು.

ಇನ್ನೊಂದು ಅಪಾಯ ಸಹಾರಾ ಸಾಸಿವೆ. ಉತ್ತರ ಆಫ್ರಿಕ, ಮಧ್ಯಪ್ರಾಚ್ಯ ಮೂಲದ ಈ ಕಳೆ ಅದೇ ಮಳೆಗೆ ಇನ್ನೂ ಬೇಗ ಮೊಳೆತು, ನೀರು ಬೆಳಕು ಎರಡನ್ನೂ ಕಸಿದುಕೊಂಡು ಸ್ಥಳೀಯ ಹೂಗಳನ್ನು ಹತ್ತಿಕ್ಕುತ್ತದೆ. ಆಂಜಾ–ಬೊರೆಗೊದಲ್ಲಿ ಸ್ವಯಂಸೇವಕರು ಗಂಟೆಗಟ್ಟಲೆ ಬಗ್ಗಿ ಇದನ್ನು ಕೈಯಿಂದ ಕೀಳುತ್ತಾರೆ.

ಹೋಗುವವರು ಪಾಲಿಸಬೇಕಾದ್ದು

ರಾಷ್ಟ್ರೀಯ ಹಾಗೂ ರಾಜ್ಯ ಉದ್ಯಾನಗಳಲ್ಲಿ ಹೂವು ಕೀಳುವುದು ಕಾನೂನಿನ ಪ್ರಕಾರ ಅಪರಾಧ. ಪೂಜೆಗೆ ಒಂದೆರಡು ಹೂವು ಬಿಡಿಸಿಕೊಳ್ಳುವ ನಮ್ಮವರ ಅಭ್ಯಾಸ ಇಲ್ಲಿ ಸಲ್ಲದು. ಗುರುತಿಸಿದ ದಾರಿಯನ್ನು ಬಿಟ್ಟು ನಡೆಯಬಾರದು. ಕಾರನ್ನು ಹೂವಿನ ಮೇಲೆ ಹತ್ತಿಸಿ ನಿಲ್ಲಿಸಬಾರದು. ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ಹಾರಿಸುವಂತಿಲ್ಲ.

ಒಬ್ಬೊಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ನೀರು ಒಯ್ಯಬೇಕು. ಟೋಪಿ, ಮುಚ್ಚಿದ ಬೂಟು, ಸಂಜೆಗೆ ಸ್ವೆಟರ್ ಇರಲಿ. ಮರುಭೂಮಿಯ ಹಗಲು ಎಷ್ಟು ಬಿಸಿಯೋ ರಾತ್ರಿ ಅಷ್ಟೇ ತಣ್ಣಗೆ. ಬಹಳಷ್ಟು ಕಡೆ ಮೊಬೈಲ್ ಸಂಪರ್ಕವಿಲ್ಲ, ಕಾರಿನ ದಾರಿಸೂಚಿ ಯಂತ್ರ ತಪ್ಪು ದಾರಿ ತೋರಿಸಿದ ಪ್ರಸಂಗಗಳಿವೆ. ಮುದ್ರಿತ ನಕ್ಷೆ ಜೊತೆಗಿರಬೇಕು, ಪೆಟ್ರೋಲ್ ಮೊದಲೇ ತುಂಬಿಸಿಕೊಳ್ಳಬೇಕು. ಬೆಚ್ಚಗಿನ ದಿನಗಳಲ್ಲಿ ಗಿಲಕಿ ಹಾವುಗಳು ಹೊರಬರುತ್ತವೆ, ಕಲ್ಲಿನ ಸಂದಿಗೆ ಕೈ ಹಾಕಬಾರದು. ವಾರಾಂತ್ಯ ಬಿಟ್ಟು ವಾರದ ನಡುವೆ ಹೋದರೆ ಜನಸಂದಣಿ ಕಡಿಮೆ. ಹಿರಿಯರಿಗೆ ನಡೆಯಲು ಕಷ್ಟವಾದರೆ ಚಿಂತೆಯಿಲ್ಲ, ಹೆಂಡರ್ಸನ್ ಕ್ಯಾನ್ಯನ್ ಹಾಗೂ ಬ್ಯಾಡ್‌ವಾಟರ್ ರಸ್ತೆಗಳಲ್ಲಿ ಹೂವು ರಸ್ತೆಯ ಬದಿಯಿಂದಲೇ ಕಾಣುತ್ತದೆ.

ಜಗತ್ತಿನ ಇತರೆಡೆ

ದಕ್ಷಿಣಾರ್ಧಗೋಳದಲ್ಲಿ ವಸಂತ ತಿರುಗುಮುರುಗು. ಚಿಲಿ ದೇಶದ ಅಟಕಾಮದಲ್ಲಿ ಮಳೆ ಬಂದ ವರ್ಷಗಳಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕೊಪಿಯಾಪೊ, ವಯೆನಾರ್ ಊರುಗಳ ನಡುವಿನ ಬಯಲು ನೇರಳೆಯಾಗುತ್ತದೆ. 2024ರಲ್ಲಿ ಅಕಾಲದ ಮಳೆಯಿಂದ ಜುಲೈನಲ್ಲೇ ಹೂವು ಕಂಡಿತು. ದಕ್ಷಿಣ ಆಫ್ರಿಕದ ನಮಾಕ್ವಾಲ್ಯಾಂಡ್‌ನಲ್ಲಿ ಆಗಸ್ಟ್, ಸೆಪ್ಟೆಂಬರ್ ಸೂಕ್ತ. ಅಲ್ಲಿನ ಡೇಸಿ ಹೂಗಳು ಸೂರ್ಯನತ್ತ ಮುಖ ಮಾಡುವುದರಿಂದ, ಸೂರ್ಯನನ್ನು ಬೆನ್ನಿಗಿಟ್ಟು ನಡೆದವರಿಗೆ ಹೂವಿನ ಮುಖ ಕಾಣುತ್ತದೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಾಲ. ಭಾರತದಲ್ಲೇ ನೋಡಬಯಸುವವರಿಗೆ ಥಾರ್ ಮರುಭೂಮಿಯ ರೋಹಿಡಾ ಇದೆ. ಹೂವಿನ ಹಾಸು ಅಲ್ಲ, ಮರ. ರಾಜಸ್ಥಾನದ ರಾಜ್ಯಪುಷ್ಪವಾದ ಇದು ವಸಂತದಲ್ಲಿ ಹಳದಿ, ಕಿತ್ತಳೆ, ಕೆಂಪು ಹೂಗಳನ್ನು ತಳೆಯುತ್ತದೆ.

ಒಂದು ನೋಟದಲ್ಲಿ

ಫೆಬ್ರವರಿ ಕೊನೆ: ಆಂಜಾ–ಬೊರೆಗೊ, ಡೆತ್ ವ್ಯಾಲಿಯ ತಗ್ಗು, ಪಿಕಾಚೊ ಪೀಕ್.

ಮಾರ್ಚ್: ಮೇಲಿನವುಗಳ ಜೊತೆಗೆ ಜೋಶುವಾ ಟ್ರೀ, ತಿಂಗಳ ಮಧ್ಯದಿಂದ ಆಂಟಲೋಪ್ ವ್ಯಾಲಿ, ಕೊನೆಯಲ್ಲಿ ಕ್ಯಾರಿಜೊ.

ಏಪ್ರಿಲ್: ಆಂಟಲೋಪ್ ವ್ಯಾಲಿ, ಕ್ಯಾರಿಜೊ, ಡೆತ್ ವ್ಯಾಲಿಯ ನಡು ಎತ್ತರ, ಎಲ್ಲೆಡೆ ಕಳ್ಳಿ ಹೂವು.

ಮೇ ಮತ್ತು ಜೂನ್: ಅರಿಜೋನಾದ ಸಗ್ವಾರೊ, ಪನಾಮಿಂಟ್ ಬೆಟ್ಟಗಳು.

ಮಕ್ಕಳ ಮನೆಗೆ ಹೋಗಲು ಆರು ತಿಂಗಳ ಅವಧಿ ಗೊತ್ತುಮಾಡುವವರು ಅದು ಫೆಬ್ರವರಿಯಲ್ಲಿ ಆರಂಭವಾಗುವಂತೆ ನೋಡಿಕೊಂಡರೆ ಈ ಪಟ್ಟಿಯ ಯಾವುದಾದರೊಂದು ಕಡೆ ಹೂವು ಸಿಗುವ ಸಂಭವ ಹೆಚ್ಚು. ಹಿಂದಿನ ನವೆಂಬರ್, ಡಿಸೆಂಬರ್‌ನಲ್ಲಿ ಅಲ್ಲಿ ಮಳೆಯಾಯಿತೇ ಎಂದು ದೂರವಾಣಿಯಲ್ಲಿ ಮಕ್ಕಳನ್ನು ಕೇಳಿಕೊಂಡೇ ಟಿಕೇಟು ಕಾದಿರಿಸುವುದು ಒಳಿತು. ಮರುಭೂಮಿಯ ಬೀಜವೂ ಹೊರಡುವ ಮುನ್ನ ಕೇಳುವುದು ಅದೊಂದೇ ಪ್ರಶ್ನೆ.